ಲಿಲ್ಲಿ ಎಲ್ಲಿದ್ದಾಳೆ?

ಪ್ರೀತಿಯ ತಂಗಿ,

ಬ್ರಿಟನ್ನಿನ ಕಾರ್ಮಿಕ ನಾಯಕ ಕೀರ್ ಹಾರ್ಡಿಯ ಜೀವನಚರಿತ್ರೆ ಅಂತ ನೀನು ಬರೆದು ಕಳಿಸಿದ್ದನ್ನು ಎರಡು ಸಲ ಓದಿದೆ. ಎಷ್ಟು ಪುಟ ಇರಬೇಕು, ಯಾವ ಪ್ರಕಾಶಕರಿಗೆ ಕೊಡಲಿ ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರಾದರೂ ಹೇಳುತ್ತಾರೆ, ಬಿಡು.

10ನೇ ವಯಸ್ಸಿಗೆ ಸ್ಕಾಟ್ಲೆಂಡಿನ ಕಲ್ಲಿದ್ದಲು ಗಣಿಗೆ ಇಳಿದು, ಕತ್ತಲಲ್ಲಿ ಒಬ್ಬನೇ ಕೂತು ಗಾಳಿ ಬಾಗಿಲು ತೆಗೆದು ಮುಚ್ಚುವ ಹುಡುಗನ ಪುಟಗಳು ತುಂಬಾ ಚೆನ್ನಾಗಿವೆ. ದೀಪದ ಮಸಿ ಹಿಡಿಸಿದ ಕಲ್ಲಿನ ಮೇಲೆ ಪಿನ್ನಿನಿಂದ ಗೀಚಿ ಶಾರ್ಟ್‌ಹ್ಯಾಂಡ್ ಕಲಿತ ಅಂತ ಬರೆದಿದ್ದೀಯಲ್ಲ, ಅಲ್ಲಿ ಕಣ್ಣು ತುಂಬಿ ಬಂತು. ಅದನ್ನು ಮುಟ್ಟಬೇಡ.

ಆಮೇಲೆ ಏನಾಯಿತು ನಿನಗೆ? 1888ರಲ್ಲಿ ಹಾರ್ಡಿ ಸ್ಕಾಟ್ಲೆಂಡಿನ ಮಿಡ್ ಲ್ಯಾನಾರ್ಕ್‌ನಲ್ಲಿ ಪಾರ್ಲಿಮೆಂಟು ಚುನಾವಣೆಗೆ ನಿಂತು ಬರೀ 617 ಓಟು ತಗೊಂಡು ಸೋತ. ಅದನ್ನು ಅರ್ಧ ಸಾಲಿನಲ್ಲಿ ದಾಟಿ 1892ರ ಗೆಲುವಿಗೆ ಓಡಿದ್ದೀಯ. 1895ರಲ್ಲಿ ಮತ್ತೆ ಸೋತದ್ದಂತೂ ಇಲ್ಲವೇ ಇಲ್ಲ. 'ಲೇಬರ್ ಲೀಡರ್' ಪತ್ರಿಕೆಯನ್ನು ವರ್ಷಗಟ್ಟಲೆ ತನ್ನ ಮುಷ್ಟಿಯಲ್ಲೇ ಇಟ್ಟುಕೊಂಡಿದ್ದ ಸಂಪಾದಕ ಅವನು. ಅದೂ ಇಲ್ಲ. 1894ರಲ್ಲಿ ವೇಲ್ಸ್‌ನ ಗಣಿಯೊಂದು ಸ್ಫೋಟಿಸಿ 290 ಜನ ಸತ್ತರು. ಪಾರ್ಲಿಮೆಂಟು ಅವರ ಬಗ್ಗೆ ಒಂದು ಮಾತು ಸೇರಿಸದೆ, ರಾಜಮನೆತನದ ಮಗು ಹುಟ್ಟಿದ್ದಕ್ಕೆ ಶುಭಾಶಯ ಹೇಳಲು ಹೊರಟಾಗ ಇವನು ಎದ್ದು ನಿಂತ. 'ಸಿಂಹದಂತೆ ಗರ್ಜಿಸಿದ' ಅಂತ ಬರೆದಿದ್ದೀಯ. ಅಲ್ಲಮ್ಮಾ, ಗಣಿ ಕಾರ್ಮಿಕನೊಬ್ಬ ನಿಂತಿದ್ದಾನೆ, ಇಡೀ ಸಭೆ ಅವನ ಮೇಲೆ ಕೂಗಾಡುತ್ತಿದೆ. ಅಷ್ಟು ಬರೆ. ಸಿಂಹ ಯಾಕೆ ಬೇಕು?

ಹಾರ್ಡಿ 1907ರಲ್ಲಿ ನಮ್ಮ ದೇಶಕ್ಕೂ ಬಂದು ಇಲ್ಲಿನವರ ಪರ ಮಾತಾಡಿದ್ದ. ಅವನ ಮೇಲೆ ನನಗೂ ಪ್ರೀತಿ ಇದೆ. ಅದಕ್ಕೇ ಇಷ್ಟು ಕೋಪ ಬರುತ್ತಿದೆ.

ಈ ತಪ್ಪು ನಾನೂ ಮಾಡಿದ್ದೇನೆ. 30 ವರ್ಷದ ಹಿಂದೆ ಒಬ್ಬ ಕಾರ್ಮಿಕ ಮುಖಂಡರ ಜೀವನಚರಿತ್ರೆ ಬರೆದೆ. ಬಿಡುಗಡೆಯ ದಿನ ಎಲ್ಲರೂ ಹೊಗಳಿದರು, ನಾನು ಉಬ್ಬಿಹೋದೆ. ಒಂದು ವಾರ ಬಿಟ್ಟು ಅವರ ಮನೆಗೆ ಹೋದಾಗ ಅವರ ಹೆಂಡತಿ ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು, "ಇದರಲ್ಲಿರೋರು ನಮ್ಮ ಮನೆಗೆ ಯಾವತ್ತೂ ಬಂದಿಲ್ಲ ಕಣಪ್ಪಾ" ಅಂದರು. ಕೈಗೆ ದುಡ್ಡು ಬರದ ತಿಂಗಳಲ್ಲಿ ಒಲೆ ಹೇಗೆ ಉರಿಯಿತು ಅಂತ ಆ ತಾಯಿಯನ್ನು ನಾನು ಒಂದು ಮಾತೂ ಕೇಳಿರಲಿಲ್ಲ. ಕೇಳಬೇಕು ಅಂತ ಮನಸ್ಸು ಮಾಡುವಷ್ಟರಲ್ಲಿ ಅವರು ತೀರಿಕೊಂಡರು. ಆ ಪುಸ್ತಕವನ್ನು ನಾನು ಇವತ್ತಿಗೂ ತೆರೆದು ನೋಡುವುದಿಲ್ಲ.

ನಿನ್ನ 110 ಪುಟಗಳಲ್ಲಿ ಹಾರ್ಡಿಯ ಹೆಂಡತಿ ಲಿಲ್ಲಿ ಎರಡೇ ಸಲ ಬರುತ್ತಾಳೆ. 1879ರಲ್ಲಿ ಮದುವೆಯಾದಾಗ ಒಮ್ಮೆ, 1915ರಲ್ಲಿ ಗಂಡ ಸತ್ತಾಗ ಒಮ್ಮೆ. ನಡುವೆ ಅವನು ಲಂಡನ್ನಿನಲ್ಲಿ, ರೈಲಿನಲ್ಲಿ, ಊರೂರಿನ ವೇದಿಕೆಯಲ್ಲಿ. ಹೆಂಗಸರಿಗೆ ಓಟು ಬೇಕು ಅಂತ ಜಗಳ ಆಡುತ್ತಿದ್ದ. ಅವಳು ಮಕ್ಕಳ ಜೊತೆ ಸ್ಕಾಟ್ಲೆಂಡಿನ ಕಮ್‌ನಾಕ್‌ನಲ್ಲಿ ಇದ್ದಳು. ಇದನ್ನು ಬರೆದರೆ ಅವನು ಸಣ್ಣವನಾಗುತ್ತಾನೆ ಅಂತ ಹೆದರಿದೆ, ಅಲ್ವಾ?

ಯುಗಾದಿಗೆ ಊರಿಗೆ ಬರ್ತೀಯಲ್ಲ, ಆಗ ಮನೆಗೆ ಬಾ. ಬೇರೇನೂ ತಿದ್ದಬೇಡ, ಆ ಮನೆಯ ಅಧ್ಯಾಯ ಒಂದನ್ನು ಬರೆದು ತಾ. ಅಕ್ಷರ ಸ್ವಲ್ಪ ದೊಡ್ಡದಾಗಿರಲಿ, ನನ್ನ ಕಣ್ಣು ಮೊದಲಿನಂತಿಲ್ಲ.

ನಿನ್ನ ಅಣ್ಣ