ಕೊಸರಿಗಾಗಿ 80 ರಾತ್ರಿ ಕಾಯಬೇಕಾ?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹಡಗು ಪ್ರವಾಸದ ಬಗ್ಗೆ ಬಂದ ಲೇಖನ ಓದಿದೆ. ಫೋಟೋಗಳು ಚೆನ್ನಾಗಿದ್ದವು. ಆದರೆ ಕೊನೆಯಲ್ಲಿ ಒಂದು ಸಲಹೆ ಇತ್ತು ನೋಡಿ, ‘ಯಾವುದಾದರೂ ಒಂದು ಕಂಪನಿ ಹಿಡಿದುಕೊಳ್ಳಿ, ಪ್ರತಿ ಸಲ ಅದರಲ್ಲೇ ಹೋಗಿ, ಪಾಯಿಂಟ್ ಸೇರುತ್ತದೆ, ಲಾಭವಾಗುತ್ತದೆ’ ಅಂತ. ಅದನ್ನು ಓದಿ ಸುಮ್ನೆ ಇರೋದಕ್ಕೆ ಆಗಲಿಲ್ಲ. ಆರು ವರ್ಷ ಅದೇ ಸಲಹೆಯಂತೆ ನಡೆದುಕೊಂಡ ಮನೆ ನಮ್ಮದು.

ನಾನು ಬ್ಯಾಂಕಿನ ಕೌಂಟರಿನಲ್ಲಿ 31 ವರ್ಷ ಕೂತು ರಿಟೈರ್ ಆದವಳು. ಈಗ 66 ವಯಸ್ಸು. ಮನೆ ಸರಸ್ವತಿಪುರಂ. ಮಗಳು ಅಳಿಯ ಸಿಂಗಪುರದಲ್ಲಿದ್ದಾರೆ. 2017ರಲ್ಲಿ ರಜೆ ಹಾಕಿ ಮೊದಲ ಸಲ ಅವರ ಮನೆಗೆ ಹೋದಾಗ ಮಗಳು ನಮ್ಮಿಬ್ಬರನ್ನೂ ಹಡಗು ಹತ್ತಿಸಿದಳು. ಅಲ್ಲಿವರೆಗೆ ನಾನು ಕೂತಿದ್ದ ದೋಣಿ ಅಂದರೆ ರಂಗನತಿಟ್ಟಿನದು. ಮೊಸಳೆ ತೋರಿಸುವಾಗ ಅಂಬಿಗ ಹುಟ್ಟು ಹಾಕುವುದನ್ನು ನಿಲ್ಲಿಸುತ್ತಾನಲ್ಲ, ಆಗ ಗಟ್ಟಿಯಾಗಿ ಪಕ್ಕದವರ ಕೈ ಹಿಡಿದುಕೊಳ್ಳುವವಳು ನಾನು. ಇದು ನೋಡಿದರೆ ನೀರಿನ ಮೇಲೆ ನಿಂತ ಹತ್ತಾರು ಮಹಡಿಯ ಕಟ್ಟಡ. ಲಿಫ್ಟು, ಈಜುಕೊಳ, ನಾಟಕದ ಹಾಲು ಎಲ್ಲ ಒಳಗೇ. ಬೆಳಿಗ್ಗೆ ಎದ್ದು ಪರದೆ ಸರಿಸಿದರೆ ನೀರೋ ನೀರು. ನಮ್ಮ ಯಜಮಾನರು ಬನಿಯನ್ನಿನಲ್ಲೇ ಬಾಲ್ಕನಿಗೆ ಹೋಗಿ ನಿಂತವರು ಅರ್ಧ ಗಂಟೆ ಮಾತಾಡಲಿಲ್ಲ. ಮದುವೆಯಾದ ಮೇಲೆ ಅದೇ ಮೊದಲು.

ಇಳಿಯುವ ಹೊತ್ತಿಗೆ ನಾವು ಆ ಕಂಪನಿಯ ಮೆಂಬರ್ ಆಗಿದ್ದೆವು. ಯಜಮಾನರು ಮೆಂಬರ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು, ರೇಷನ್ ಕಾರ್ಡು, ಆಧಾರ್ ಇಡುವ ಪ್ಲಾಸ್ಟಿಕ್ ಕವರಿನಲ್ಲೇ ಜೋಪಾನ ಮಾಡಿದರು. 2018, 2019, ಆಮೇಲೆ ಕೊರೊನಾ ಮುಗಿದು 2023, ಮೂರು ಸಲವೂ ಅದೇ ಕಂಪನಿ. ಬೇರೆಯದರಲ್ಲಿ ದರ ಕಡಿಮೆ ಇದೆ ಅಂತ ಅಳಿಯ ತೋರಿಸಿದರೂ ಕೇಳಲಿಲ್ಲ. ‘ಅಲ್ಲಿ ನಮ್ಮ ಪಾಯಿಂಟ್ ಇದೆಯಪ್ಪ’ ಅನ್ನುವುದೊಂದೇ ಮಾತು. ನಾಲ್ಕು ಪ್ರವಾಸ, ಒಟ್ಟು 14 ರಾತ್ರಿ, 14 ಪಾಯಿಂಟ್.

ಅದಕ್ಕೆ ಸಿಕ್ಕಿದ್ದೇನು ಹೇಳುತ್ತೇನೆ. ಒಂದು ಬಟ್ಟೆ ಚೀಲ, ಒಂದು ಕೂಪನ್ ಪುಸ್ತಕ. ಕೂಪನ್ನಿನಲ್ಲಿ ಒಂದು ಬಿಯರ್ ಕೊಂಡರೆ ಇನ್ನೊಂದು ಫ್ರೀ, ಕ್ಯಾಸಿನೋದಲ್ಲಿ ಆಡಿದರೆ ಐದು ಡಾಲರ್ ಫ್ರೀ. ನಮ್ಮ ಮನೆಯಲ್ಲಿ ಬಿಯರೂ ಇಲ್ಲ, ಇಸ್ಪೀಟೂ ಇಲ್ಲ. ಬಟ್ಟೆ ಚೀಲ ಮಾತ್ರ ಗಟ್ಟಿ. ಈಗಲೂ ಅದರಲ್ಲೇ ತರಕಾರಿ ತರುತ್ತೇನೆ.

2019ರಲ್ಲಿ ಇನ್ನೊಂದು ಕಥೆ ಆಯಿತು. ಎರಡನೇ ರಾತ್ರಿ ನಮ್ಮ ರೂಮಿನ ಟಾಯ್ಲೆಟ್ ಕೆಟ್ಟಿತು. ಹಡಗಿನಲ್ಲಿ ಅದು ಗಾಳಿಯ ಎಳೆತದಲ್ಲಿ ಕೆಲಸ ಮಾಡುತ್ತದಂತೆ. ಎಲ್ಲೋ ಒಂದು ಕಡೆ ಯಾರೋ ಹಾಕಬಾರದ್ದು ಹಾಕಿ ಪೈಪು ಕಟ್ಟಿಕೊಂಡರೆ ಆ ಸಾಲಿನ ರೂಮುಗಳೆಲ್ಲ ಬಂದ್. ಒಂದೂವರೆ ದಿನ ಮೂರು ಮಹಡಿ ಮೇಲಿನ ಸಾರ್ವಜನಿಕ ಟಾಯ್ಲೆಟ್ಟಿಗೆ ಓಡಾಡಿದೆವು. ಸಕ್ಕರೆ ಕಾಯಿಲೆಯವರಿಗೆ ರಾತ್ರಿ ಹೊತ್ತು ಅದೆಂಥ ಕಷ್ಟ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ದೂರು ಕೊಟ್ಟಾಗ ಹಡಗಿನ ಕೌಂಟರಿನಲ್ಲಿದ್ದ ಹುಡುಗಿ ಕಂಪ್ಯೂಟರಿನಲ್ಲಿ ನೋಡಿ, ‘ಓಹ್, ನೀವು ನಮ್ಮ ಹಳೇ ಮೆಂಬರ್’ ಅಂತ ಮುಖ ಅರಳಿಸಿ 50 ಡಾಲರಿನ ವೋಚರ್ ಕೊಟ್ಟಳು. ಮುಂದಿನ ಪ್ರವಾಸಕ್ಕೆ! ಅದೂ ಒಂದು ವರ್ಷದೊಳಗೆ ಬುಕ್ ಮಾಡಿದರೆ. ಮಾರನೇ ವರ್ಷ ಕೊರೊನಾ ಬಂತು, ಪ್ರಪಂಚದ ಹಡಗುಗಳೆಲ್ಲ ನಿಂತವು, ವೋಚರಿನ ವಾಯಿದೆ ಮಾತ್ರ ನಿಲ್ಲಲಿಲ್ಲ.

ದೇವರಾಜ ಮಾರುಕಟ್ಟೆಯಲ್ಲಿ ನಾನು ಖಾಯಮ್ಮಾಗಿ ಹೂವು ತೆಗೆದುಕೊಳ್ಳುವ ಒಬ್ಬಾಕೆ ಇದ್ದಾಳೆ. ಮೊದಲು ಅವಳ ತಾಯಿ ಕೂರುತ್ತಿದ್ದಳು. ಮೊಳ ಹಾಕಿ ಅಳೆದು, ಕತ್ತರಿಸುವ ಮುಂಚೆ ದಾರವನ್ನು ಒಂದು ಗೇಣು ಮುಂದಕ್ಕೆ ಜಾರಿಸಿ ಕತ್ತರಿಸುತ್ತಾಳೆ. ಬಾಯಲ್ಲಿ ಏನೂ ಹೇಳುವುದಿಲ್ಲ. ಅದು ಕೊಸರು. ಆವತ್ತಿನದು ಆವತ್ತೇ, ಕೈಗೆ, ಕಣ್ಣೆದುರಿಗೆ. ಹಬ್ಬದ ದಿನ ದರ ಏರಿದರೂ ಆ ಗೇಣು ತಪ್ಪುವುದಿಲ್ಲ. ಗೌರಿ ಹಬ್ಬಕ್ಕೆ ನಾನು ಬೇರೆ ಕಡೆ ಕೊಂಡೆ ಅಂತ ಮುಂದಿನ ವಾರ ಅವಳು ಮುಖ ತಿರುಗಿಸುವುದೂ ಇಲ್ಲ. ಹಡಗಿನವರದು ಬೇರೆ ಲೆಕ್ಕ.

ರಾಯಲ್ ಕೆರಿಬಿಯನ್ ಅನ್ನುವ ದೊಡ್ಡ ಕಂಪನಿಯ ಪಟ್ಟಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಅದರ ಮೆಂಬರ್ ಕೂಟದ ಹೆಸರು ಕ್ರೌನ್ ಅಂಡ್ ಆ್ಯಂಕರ್ ಸೊಸೈಟಿ. ಕೇಳಿದರೆ ನಮ್ಮ ಪತ್ತಿನ ಸೊಸೈಟಿ ನೆನಪಾಗುತ್ತದೆ, ಆದರೆ ಷೇರೂ ಇಲ್ಲ, ಡಿವಿಡೆಂಡೂ ಇಲ್ಲ. ಒಂದು ರಾತ್ರಿಗೆ ಒಂದು ಪಾಯಿಂಟ್. ಸೂಟ್ ಅನ್ನುವ ದುಬಾರಿ ರೂಮು ತೆಗೆದುಕೊಂಡರೆ ಎರಡು. 30 ಪಾಯಿಂಟಿಗೆ ಪ್ಲಾಟಿನಂ ದರ್ಜೆ, 55ಕ್ಕೆ ಎಮರಾಲ್ಡ್, 80ಕ್ಕೆ ಡೈಮಂಡ್, 175ಕ್ಕೆ ಡೈಮಂಡ್ ಪ್ಲಸ್, 700ಕ್ಕೆ ಪಿನಾಕಲ್. 700 ರಾತ್ರಿ ಅಂದರೆ ಹೆಚ್ಚುಕಡಿಮೆ ಎರಡು ವರ್ಷ ನೀರಿನ ಮೇಲೆ ಮಲಗಿರಬೇಕು. ಹೇಳಿಕೊಳ್ಳುವಂಥ ಸವಲತ್ತು ಶುರುವಾಗುವುದೇ ಡೈಮಂಡ್‌ನಿಂದ. ದಿನಕ್ಕೆ ನಾಲ್ಕು ಡ್ರಿಂಕ್ಸ್ ಪುಕ್ಕಟೆ ಅನ್ನುವುದು ಅದರಲ್ಲಿ ಜನ ಮೊದಲು ಹೇಳುವ ಸವಲತ್ತು.

ಬ್ಯಾಂಕಿನವಳಲ್ವಾ, ಹಳೇ ಡೈರಿಯ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆ. ಆರು ವರ್ಷಕ್ಕೆ 14 ರಾತ್ರಿ ಅನ್ನುವ ನಮ್ಮ ವೇಗದಲ್ಲಿ 80 ರಾತ್ರಿ ಮುಟ್ಟಲು 34 ವರ್ಷ ಬೇಕು. 57ನೇ ವಯಸ್ಸಿನಲ್ಲಿ ಹಡಗು ಹತ್ತಿದವಳಿಗೆ ಡೈಮಂಡ್ ಬರುವಾಗ 91. ಆಗ ನನಗೆ ಪುಕ್ಕಟೆ ಡ್ರಿಂಕ್ಸ್ ತಂದುಕೊಡಿ! ಯಜಮಾನರಿಗೆ ಈ ಹಾಳೆ ತೋರಿಸಿದಾಗ ಕನ್ನಡಕ ಹಾಕಿಕೊಂಡು ಎರಡು ಸಲ ಗುಣಿಸಿ ನೋಡಿದರು. ತಪ್ಪು ಸಿಗಲಿಲ್ಲ.

ಇಷ್ಟೆಲ್ಲ ಕಾದು ಕೂತರೂ ನಿಯಮ ಹಾಗೇ ಇರುತ್ತದಾ? ಕಾರ್ನಿವಲ್ ಕಂಪನಿ 2025ರಲ್ಲಿ, ಇನ್ನು ಮುಂದೆ ಎಷ್ಟು ರಾತ್ರಿ ಬಂದಿರಿ ಅನ್ನುವುದಕ್ಕಿಂತ ಎಷ್ಟು ಖರ್ಚು ಮಾಡಿದಿರಿ ಅನ್ನುವುದರ ಮೇಲೆ ದರ್ಜೆ ಕೊಡುತ್ತೇವೆ ಅಂತ ಘೋಷಿಸಿತು. ವರ್ಷಗಟ್ಟಲೆ ರಾತ್ರಿ ಎಣಿಸಿಕೊಂಡು ಬಂದವರಿಗೆ ಹೇಗಾಗಿರಬೇಡ. ಕಂಪನಿ ಅನ್ನುವುದಾದರೂ ಶಾಶ್ವತವಾ? ಮುಂಬೈನಿಂದ ಜಲೇಶ್ ಅನ್ನುವ ಕಂಪನಿ 2019ರಲ್ಲಿ ‘ಕರ್ಣಿಕಾ’ ಅನ್ನುವ ಹಡಗು ಬಿಟ್ಟಿತು, 2020ರಲ್ಲಿ ಬಾಗಿಲು ಹಾಕಿತು. ಸಿಂಗಪುರದ ಕಡೆ ‘ಗೆಂಟಿಂಗ್ ಡ್ರೀಮ್’ ಓಡಿಸುತ್ತಿದ್ದವರು 2022ರ ಜನವರಿಯಲ್ಲಿ ಮುಳುಗಿದರು, ಅಂದರೆ ಲೆಕ್ಕದಲ್ಲಿ. ಹಡಗಿಗೆ ಏನೂ ಆಗಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಅದೇ ಹಡಗು ರೆಸಾರ್ಟ್ಸ್ ವರ್ಲ್ಡ್ ಕ್ರೂಸಸ್ ಅನ್ನುವ ಹೊಸ ಕಂಪನಿಯ ಹೆಸರಲ್ಲಿ ಮತ್ತೆ ಹೊರಟಿತು. ಈಗ ಮುಂಬೈನಿಂದ ಗೋವಾ, ಲಕ್ಷದ್ವೀಪಕ್ಕೆ ಹೋಗುವ ಕಾರ್ಡೆಲಿಯಾದ ‘ಎಂಪ್ರೆಸ್’ ಇದೆಯಲ್ಲ, ಅದೂ ಹೊಸ ಹಡಗೇನಲ್ಲ. 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಅಂತ ಹುಟ್ಟಿ ರಾಯಲ್ ಕೆರಿಬಿಯನ್‌ನಲ್ಲಿ ದುಡಿದು ಬಂದದ್ದು. ಹಡಗುಗಳೇ ಮನೆ ಬದಲಾಯಿಸುತ್ತವೆ, ನಾವು ಮಾತ್ರ ಪಟ್ಟು ಹಿಡಿದು ಕೂರಬೇಕಂತೆ.

ಇನ್ನೊಂದು ವಿಷಯ ನನಗೆ ಗೊತ್ತಾಗಿದ್ದೇ ಈಚೆಗೆ. ಬೇರೆ ಬೇರೆ ಕಂಪನಿ ಅಂತ ನಾವು ಅಂದುಕೊಳ್ಳುವ ಎಷ್ಟೋ ಹೆಸರುಗಳ ಹಿಂದೆ ಇರುವ ಗಲ್ಲಾಪೆಟ್ಟಿಗೆ ಒಂದೇ. ಕಾರ್ನಿವಲ್, ಪ್ರಿನ್ಸೆಸ್, ಹಾಲೆಂಡ್ ಅಮೆರಿಕ, ಕುನಾರ್ಡ್, ಕೋಸ್ಟಾ ಎಲ್ಲ ಒಬ್ಬರದ್ದು. ರಾಯಲ್ ಕೆರಿಬಿಯನ್, ಸೆಲೆಬ್ರಿಟಿ, ಸಿಲ್ವರ್‌ಸೀ ಇನ್ನೊಬ್ಬರದ್ದು. ನಾರ್ವೇಜಿಯನ್, ಓಷಿಯಾನಿಯಾ, ರೀಜೆಂಟ್ ಮತ್ತೊಬ್ಬರದ್ದು. ಎಂಎಸ್‌ಸಿ ಒಂದು ಕುಟುಂಬದ ಕಂಪನಿ. ಅದರ ಆಫೀಸು ಜಿನೀವಾದಲ್ಲಿ, ಸಮುದ್ರವೇ ಇಲ್ಲದ ದೇಶದಲ್ಲಿ. (ನಮ್ಮ ಮೈಸೂರಿನವರೂ ಧೈರ್ಯ ಮಾಡಬಹುದು.) ಆ ಎಂಎಸ್‌ಸಿಯವರು ಬೇರೆ ಕಂಪನಿಯಲ್ಲಿ ನಿಮಗಿರುವ ದರ್ಜೆ ತೋರಿಸಿದರೆ ತಮ್ಮಲ್ಲೂ ಅದಕ್ಕೆ ಹೊಂದುವ ದರ್ಜೆ ಕೊಡುತ್ತಾರೆ. ಅಂದರೆ ಎದುರು ಅಂಗಡಿಯ ಖಾಯಂ ಗಿರಾಕಿಯನ್ನು ಕರೆದು ಕೂರಿಸುವ ವ್ಯಾಪಾರ. ನಿಮ್ಮ ಲೇಖನದಲ್ಲಿ ಇದರ ಸುದ್ದಿಯೇ ಇರಲಿಲ್ಲ.

2024ರ ಡಿಸೆಂಬರ್‌ನಲ್ಲಿ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ನಡೆಯುವ ನಮ್ಮ ಗುಂಪಿನವರು ದುಬೈನಿಂದ ಏಳು ರಾತ್ರಿಯ ಹಡಗು ಪ್ರವಾಸ ಗೊತ್ತು ಮಾಡಿದರು. ಬೇರೆ ಕಂಪನಿ. ಯಜಮಾನರು ಶುರು ಮಾಡಿದರು.

‘ಅಲ್ಲೇ, ಅಲ್ಲಿ 14 ಪಾಯಿಂಟ್ ಇದೆ. ಇಲ್ಲಿ ಸೊನ್ನೆಯಿಂದ ಶುರು ಮಾಡಬೇಕಲ್ಲೇ.’

‘ರೀ, ನಾವೇನು ಒಂದನೇ ಕ್ಲಾಸಿಗೆ ಸೇರ್ತಾ ಇದೀವಾ? ಗಾಳಿ ತಗೊಳ್ಳೋಕೆ ಹೋಗ್ತಾ ಇರೋದು, ಬನ್ನಿ.’

ಎಂಟು ಜನ ಫ್ಲೈಬಸ್ ಹತ್ತಿ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೊರಟೆವು. ಹಡಗಿನ ಬಂದರು ಶುಲ್ಕ, ಟಿಪ್ಸ್ ಎಲ್ಲ ಸೇರಿಸಿ ತಲೆಗೆ ರಾತ್ರಿಗೆ ₹9,200 ಬಿತ್ತು. ಹಳೇ ಕಂಪನಿಯಲ್ಲಿ 2023ರಲ್ಲೇ ₹13,500 ಕೊಟ್ಟಿದ್ದೆವು. ಅಬುಧಾಬಿ, ದೋಹಾ ನೋಡಿದ್ದು ಎಲ್ಲರಿಗೂ ಗೊತ್ತಿರುವ ಹಾಗೆಯೇ, ಅದನ್ನು ಬಿಡಿ. ಹಡಗಿನ ವಿಷಯಕ್ಕೆ ಬಂದರೆ, ಹೊಸದರಲ್ಲಿ ನಡೆಯುವವರಿಗೆ ಅಂತಲೇ ಡೆಕ್ಕಿನ ಸುತ್ತ ಹಾದಿ ಇತ್ತು, ಗಲಾಟೆ ಕಡಿಮೆ, ಹಾಸಿಗೆ ಚೆನ್ನಾಗಿತ್ತು. ಹಳೆಯದರಲ್ಲಿ ರಾತ್ರಿ ಹನ್ನೊಂದಾದರೂ ಡೋಲು ಬಡಿಯುತ್ತಿದ್ದರು.

ಊಟದಲ್ಲಿ ಮಾತ್ರ ಹಳೇದೇ ಮೇಲು. ಅಲ್ಲಿ ದಿನಾ ದಾಲು, ಚಪಾತಿ, ಅನ್ನ ಇರುತ್ತಿತ್ತು. ಇಲ್ಲಿ ಬೆಳಿಗ್ಗೆ ಬ್ರೆಡ್ಡು, ಮಧ್ಯಾಹ್ನ ಪಾಸ್ತಾ, ರಾತ್ರಿ ಇನ್ನೊಂದು ಆಕಾರದ ಪಾಸ್ತಾ. ಮೂರನೇ ದಿನಕ್ಕೆ ನಮ್ಮ ಗುಂಪಿನ ನಿವೃತ್ತ ಹೆಡ್‌ಮೇಷ್ಟ್ರು, ‘ನನಗೆ ಬರೀ ಅನ್ನ ಕೊಟ್ಟರೂ ಸಾಕು’ ಅಂತ ತಟ್ಟೆ ದೂಡಿದರು. ನಾವು ಕನ್ನಡದಲ್ಲಿ ಗೊಣಗುವುದನ್ನು ಕೇಳಿಸಿಕೊಂಡ ಒಬ್ಬ ವೇಟರ್ ಹುಡುಗ ಬಗ್ಗಿ, ‘ಅಮ್ಮ, ಮೈಸೂರಾ?’ ಅಂದ. ಉಡುಪಿ ಕಡೆಯವನು. ಹತ್ತು ನಿಮಿಷಕ್ಕೆ ಸೂಪಿನ ಬಟ್ಟಲಿನಲ್ಲಿ ಬಿಸಿ ಅನ್ನ ತಂದಿಟ್ಟ. ನನ್ನ ಕೈಚೀಲದಲ್ಲಿ ಪುಳಿಯೋಗರೆ ಗೊಜ್ಜಿನ ಪೊಟ್ಟಣ ಇತ್ತು. ಸ್ಟೀಲ್ ಚಮಚದಲ್ಲಿ ಕಲಸಲು ಹೋಗಿ ಆಗದೆ ಕೈಯಲ್ಲೇ ಕಲಸಿದೆ. ಎಂಟು ಜನಕ್ಕೂ ನಾಲ್ಕು ನಾಲ್ಕು ತುತ್ತು. ಪಕ್ಕದ ಟೇಬಲ್ಲಿನ ಬಿಳಿಯರು ಫೋರ್ಕ್ ಕೆಳಗಿಟ್ಟು ನೋಡುತ್ತಿದ್ದರು. ಇಂಗಿನ ವಾಸನೆ ಇರಬೇಕು.

ಆ ಹುಡುಗನಿಗೂ ಒಂದು ತುತ್ತು ಕೊಡೋಣ ಅಂದರೆ ಡ್ಯೂಟಿಯಲ್ಲಿ ತಿನ್ನುವಂತಿಲ್ಲವಂತೆ. ಉಳಿದ ಇನ್ನೊಂದು ಪೊಟ್ಟಣವನ್ನೇ ಕೊಟ್ಟೆ. ಹಿಂದೆ ಅವನಿದ್ದ ಹಡಗು ಒಂದು ಸಲ ಪಣಂಬೂರಿಗೇ ಬಂದಿತ್ತಂತೆ. ಬೆಳಿಗ್ಗೆ ಬಂದು ಸಂಜೆ ಹೊರಡುವ ಹಡಗು. ಅವನ ತಾಯಿ ಬಂದರಿನ ಗೇಟಿನವರೆಗೆ ಬಂದು ಮುಖ ನೋಡಿಕೊಂಡು ಹೋದರಂತೆ. ‘ಹಾಗಾದ್ರೆ ಇದು ಎಷ್ಟನೇ ಕಂಪನಿಯಪ್ಪ ನಿನಗೆ?’ ಅಂದೆ. ‘ಮೂರನೇದು ಅಮ್ಮ. ಕಾಂಟ್ರಾಕ್ಟ್ ಮುಗೀತು ಅಂದ್ರೆ ಯಾರು ಜಾಸ್ತಿ ಕೊಡ್ತಾರೋ ಅಲ್ಲಿಗೆ’ ಅಂದ. ನಾನು ಯಜಮಾನರ ಕಡೆ ನೋಡಿದೆ. ಅವರು ಅನ್ನದ ಬಟ್ಟಲಿನ ಕಡೆ ನೋಡುತ್ತಿದ್ದರು.

ಪಾಯಿಂಟ್ ಯಾರಿಗೂ ಉಪಯೋಗವಿಲ್ಲ ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಮನೆ ಇಟ್ಟುಕೊಂಡು, ಕಾರಿನಲ್ಲಿ ಬಂದರಿಗೆ ಹೋಗಿ ವರ್ಷಕ್ಕೆ ನಾಲ್ಕೈದು ಸಲ ಹಡಗು ಹತ್ತುವವರಿಗೆ 80 ರಾತ್ರಿ ದೊಡ್ಡದಲ್ಲ. ಅವರಿಗೆ ಒಂದೇ ಕಂಪನಿ ಸರಿ. ನಮ್ಮಂಥವರು ಎರಡು ವರ್ಷಕ್ಕೊಮ್ಮೆ, ಪಿಂಚಣಿ ಹಣ ಕೂಡಿಟ್ಟು, ವೀಸಾ ಮಾಡಿಸಿ, ವಿಮಾನ ಹತ್ತಿ ಹೋಗುವವರು. ನಮ್ಮ ಪಾಲಿಗೆ ಪ್ರತಿ ಪ್ರವಾಸವೂ ಬೇರೆ ಬೇರೆ ರುಚಿ ನೋಡುವ ಅವಕಾಶ. ಅದನ್ನು ಒಂದು ಬಟ್ಟೆ ಚೀಲಕ್ಕೆ ಯಾಕೆ ಕಟ್ಟಿಹಾಕಿಕೊಳ್ಳಬೇಕು?

ಸಂಪಾದಕರಲ್ಲಿ ಒಂದು ವಿನಂತಿ. ಮುಂದಿನ ಸಲ ಇಂಥ ಲೇಖನ ಹಾಕುವಾಗ ‘ಇಷ್ಟರಿಂದ ಶುರು’ ಅನ್ನುವ ಜಾಹೀರಾತಿನ ದರ ಹಾಕಬೇಡಿ. ಬಂದರು ಶುಲ್ಕ, ದಿನಕ್ಕೆ ತಲೆಗಿಷ್ಟು ಅಂತ ತಾನಾಗಿ ಬಿಲ್ಲಿಗೆ ಸೇರುವ ಟಿಪ್ಸ್, ಇಂಟರ್ನೆಟ್ಟಿನ ಹಣ, ಇಲ್ಲಿ ಏಜೆಂಟರು ಹಿಡಿಯುವ ಟಿಸಿಎಸ್ ಅನ್ನುವ ತೆರಿಗೆ, ಎಲ್ಲ ಕೂಡಿಸಿ ಒಂದು ರಾತ್ರಿಗೆ ಎಷ್ಟು ಅಂತ ಮೂರು ನಾಲ್ಕು ಕಂಪನಿಗಳದ್ದು ಪಕ್ಕ ಪಕ್ಕ ಹಾಕಿ. ಅನ್ನ ಸಾರು ಸಿಗುತ್ತಾ ಇಲ್ವಾ ಅನ್ನುವುದನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಮೈಸೂರು, ಮಂಡ್ಯ ಕಡೆಯ ಹಿರಿಯರು ಓದುವುದು ಅದನ್ನೇ.

ಬರುವ ಚಳಿಗಾಲಕ್ಕೆ ಮುಂಬೈನಿಂದ ಲಕ್ಷದ್ವೀಪಕ್ಕೆ ಹೋಗುವ ಮಾತು ನಡೆದಿದೆ. ಮೂರನೇ ಕಂಪನಿ. ಯಜಮಾನರು ಈ ಸಲ ಏನೂ ಅನ್ನಲಿಲ್ಲ. ಆದರೆ ಮೊನ್ನೆ ಕರೆಂಟ್ ಬಿಲ್ ಹುಡುಕುತ್ತಾ ಆ ಪ್ಲಾಸ್ಟಿಕ್ ಕವರ್ ತೆಗೆದೆ. ಹಳೇ ಕಂಪನಿಯ ನಂಬರಿನ ಚೀಟಿ ಹಾಗೇ ಇತ್ತು. ಅದರ ಕೆಳಗೆ, ಅವರದೇ ಅಕ್ಷರದಲ್ಲಿ, ದುಬೈ ಹಡಗಿನ ಮೆಂಬರ್ ನಂಬರೂ ಇತ್ತು. ಪಕ್ಕದಲ್ಲಿ 7 ಅಂತ ಬರೆದು ಸುತ್ತ ಒಂದು ಗೆರೆ ಎಳೆದಿದ್ದರು.

ಇಂತಿ,
ನಿವೃತ್ತ ಬ್ಯಾಂಕ್ ನೌಕರಳು,
ಸರಸ್ವತಿಪುರಂ, ಮೈಸೂರು