ಗುರುವಾರದ ವರ್ಕ್‌ಶಾಪ್‌ಗೆ ಮುಂಚೆ

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಸಾಹಿತ್ಯದ ಜೊತೆ ಸೃಜನಶೀಲ ಬರವಣಿಗೆ ತೆಗೆದುಕೊಂಡವರಿಗೆ ಈ ಸೂಚನೆ. ಕಥೆ ಕೊಡುವವರು ಮಂಗಳವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ಹತ್ತು ಪುಟ ಸಾಕು, ಜಾಸ್ತಿ ಬೇಡ. ಉಳಿದವರು ಎರಡು ಸಲ ಓದಿ ಬನ್ನಿ. ಒಂದು ಸಲ ಸುಮ್ನೆ ಕಥೆಗಾಗಿ, ಇನ್ನೊಂದು ಸಲ ಪೆನ್ಸಿಲ್ ಹಿಡಿದು.

ಚರ್ಚೆ ನಡೆಯುವಾಗ ಬರೆದವರು ಬಾಯಿ ತೆರೆಯುವಂತಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಶುರುವಾದ ರೈಟರ್ಸ್ ವರ್ಕ್‌ಶಾಪ್ ಜೊತೆ ತಳುಕು ಹಾಕಿಕೊಂಡ ಪದ್ಧತಿ ಇದು. ಕಷ್ಟ, ಗೊತ್ತು. ಕಳೆದ ವರ್ಷ ನನ್ನ ಕಥೆಯ ಅಜ್ಜಿ ಬದುಕಿದ್ದಾಳೋ ಇಲ್ಲವೋ ಅಂತ ಇಪ್ಪತ್ತು ನಿಮಿಷ ಜಗಳ. ನಾನು ತುಟಿ ಕಚ್ಚಿಕೊಂಡು ಕೂತಿದ್ದೆ. ಕೊನೆಗೆ ನೋಡಿದರೆ ತಪ್ಪು ನನ್ನದೇ. ಒಂದು ವಾಕ್ಯದಲ್ಲಿ, ಇದು ಮೊದಲೇ ನಡೆದುಹೋದದ್ದು ಅಂತ ತೋರಿಸುವ ಇಂಗ್ಲಿಷ್ ಪದ 'ಹ್ಯಾಡ್' ಬಿಟ್ಟುಹೋಗಿತ್ತು. ಸತ್ತ ಅಜ್ಜಿ ಎದ್ದು ಬಂದು ಕಿಟಕಿ ತೆರೆದಿದ್ದಳು!

'ಚೆನ್ನಾಗಿದೆ' ಅಂತ ಮಾತ್ರ ಬರೆಯಬೇಡಿ. ಯಾವ ಸಾಲಿನಲ್ಲಿ ಓದು ತಡವರಿಸಿತು ಅಂತ ಹೇಳಿ. ಕವಿತೆ ಕ್ಲಾಸಲ್ಲಿ ಸಾನೆಟ್ ಅನ್ನೋ ಪದ್ಯದ 14 ಸಾಲುಗಳನ್ನು ಪದ ಪದವಾಗಿ ಬಿಡಿಸುತ್ತೇವಲ್ವಾ, ಅದೇ ಕಣ್ಣು ಇಲ್ಲೂ ಬೇಕು. (ಆ ಕ್ಲಾಸ್ ಬೋರು ಅಂದವರು ಯಾರು ಅಂತ ನನಗೆ ನೆನಪಿದೆ.)

ಹಳೇ ಕರಡು ಅಳಿಸಬೇಡಿ. ಪೋರ್ಟ್‌ಫೋಲಿಯೊ (ನಿಮ್ಮ ಬರಹಗಳ ಸಂಗ್ರಹ) ಜೊತೆ ಏನು ಬದಲಾಯಿಸಿದಿರಿ, ಯಾಕೆ ಅಂತಲೂ ಬರೆದುಕೊಡಬೇಕು. ಈ ವಾರ ಯಾರ ಕಥೆ? ಇಬ್ಬರ ಹೆಸರು ಬೇಕು.