ಶ್ರುತಿ ಎರಡು ಮನೆ ಇಳಿಸಿ

ಮಾನ್ಯ ಸಂಪಾದಕರೇ,

ಕ್ರಿಸ್‌ಮಸ್ ಹತ್ತಿರ ಬಂತು. ಹುಬ್ಬಳ್ಳಿಯ ಚರ್ಚುಗಳಲ್ಲಿ ಸಂಜೆ ಹೊತ್ತು ಕ್ಯಾರಲ್ ಪ್ರಾಕ್ಟೀಸ್ ಶುರುವಾಗಿದೆ. ಕ್ವಯರ್ ನಡೆಸುವವರಿಗೆ ನನ್ನದೊಂದು ಮನವಿ. ಭಜನಾ ಮಂಡಳಿಯವರೂ ಕೇಳಿಸಿಕೊಂಡರೆ ಒಳ್ಳೆಯದೇ. ದಯವಿಟ್ಟು ಶ್ರುತಿ ಸ್ವಲ್ಪ ಇಳಿಸಿ. ಎರಡೇ ಮನೆ, ಅಂದರೆ ಕೀಬೋರ್ಡಿನಲ್ಲಿ ಕಪ್ಪು ಬಿಳಿ ಎಲ್ಲ ಸೇರಿಸಿ ಎಣಿಸಿದರೆ ಎರಡು ಕೀಯಷ್ಟು.

ನಾನು ಪ್ರಾಥಮಿಕ ಶಾಲೆಯಲ್ಲಿ 31 ವರ್ಷ ಪಾಠ ಹೇಳಿದವಳು. ಪಕ್ಕದ ಕೋಣೆಯ ಮಗ್ಗಿ ಗದ್ದಲವನ್ನು ಮೀರಿಸಿ ಕೂಗಿ ಕೂಗಿ ಗಂಟಲು ಹೋಯಿತು. ಡಾಕ್ಟರು ಒಳಗೆ ಕ್ಯಾಮೆರಾ ಇಳಿಸಿ, ಧ್ವನಿತಂತುಗಳ ಮೇಲೆ ಎರಡು ಪುಟ್ಟ ಗಂಟು ತೋರಿಸಿದರು. ಟೀಚರುಗಳಿಗೆ ಇದು ಮಾಮೂಲಿ ಅಂತೆ. ಕೆಲವು ದಿನ ಮೌನ, ಆಮೇಲೆ ಥೆರಪಿ. ಗಂಟು ಕರಗಿತು. ಸೊಪ್ರಾನೊ, ಅಂದರೆ ಹೆಂಗಸರ ಎತ್ತರದ ಸಾಲು, ಹಾಡುತ್ತಿದ್ದ ದನಿ ಮಾತ್ರ ವಾಪಸ್ ಬರಲಿಲ್ಲ. ಒಂದು ಭಾನುವಾರ ಮೇಲಿನ ಸ್ವರದಲ್ಲಿ ದನಿ ಒಡೆಯಿತು. ಮುಂದಿನ ಬೆಂಚಿನ ಹುಡುಗರು ಮುಸಿಮುಸಿ ನಕ್ಕರು. ಆಮೇಲೆ ಎರಡು ವರ್ಷ ಕ್ವಯರಿನಲ್ಲಿ ಸುಮ್ನೆ ಬಾಯಿ ಆಡಿಸಿದೆ. ಪುಸ್ತಕ ಹಿಡಿದು, ಪುಟ ತಿರುಗಿಸಿ, ಪಕ್ಕದವರಿಗೂ ಗೊತ್ತಾಗದ ಹಾಗೆ. ಕೊನೆಗೆ ಅದೂ ಬೇಜಾರಾಗಿ ಬಿಟ್ಟುಬಿಟ್ಟೆ.

ನಿವೃತ್ತಿಯಾದ ಮೇಲೆ ಮತ್ತೆ ಆಸೆಯಾಯಿತು. ಥೆರಪಿಯಲ್ಲಿ ಕಲಿತದ್ದನ್ನೇ ಹಿಡಿದೆ. ಅರ್ಧ ಲೋಟ ನೀರಿನಲ್ಲಿ ಸ್ಟ್ರಾ ಇಟ್ಟು ‘ಊ’ ಅಂತ ಊದುತ್ತಾ ದನಿ ಏರಿಸಿ ಇಳಿಸುವುದು. ಗುಳುಗುಳು ಸದ್ದು ಕೇಳಿ ಮನೆಯವರು ಹುಕ್ಕಾ ಅಂದರು! ಆದರೆ ನೀರಿನ ತಡೆ ಇದ್ದಾಗ ತಂತುಗಳು ಬಡಿದಾಡದೆ ಮೆಲ್ಲಗೆ ಕೂಡುತ್ತವೆ. ರೊಟ್ಟಿ ಬಡಿಯುವಾಗ ತುಟಿ ಮುಚ್ಚಿ ಗುಂಯ್‌ಗುಡುತ್ತಿದ್ದೆ. ನಾಲ್ಕು ತಿಂಗಳಿಗೆ ಒಂದು ದನಿ ಸಿಕ್ಕಿತು. ಹಳೆಯದಲ್ಲ, ಬೇರೆಯದು. ದಪ್ಪನೆಯದು. ಮುಟ್ಟು ನಿಂತ ಮೇಲೆ ಹೆಂಗಸರ ದನಿ ತಾನಾಗಿಯೇ ತುಸು ಇಳಿಯುತ್ತದೆ. ಇದನ್ನು ಪತ್ರಿಕೆಗೆ ಬರೆಯಲು ನನಗೇನೂ ಸಂಕೋಚವಿಲ್ಲ.

ಈ ಊರಲ್ಲಿ ದನಿ ಕೆಟ್ಟವರಿಗೆ ಎಲ್ಲರೂ ಗಂಗೂಬಾಯಿ ಹಾನಗಲ್ ಅವರ ಹೆಸರು ಹೇಳಿ ಧೈರ್ಯ ತುಂಬುತ್ತಾರೆ. ಅವರ ಹಳೆಯ ರೆಕಾರ್ಡುಗಳಲ್ಲಿ ತೆಳುವಾದ ಹೆಣ್ಣು ದನಿ. ಗಂಟಲಿನ ಚಿಕಿತ್ಸೆಯ ನಂತರ ಅದು ಗಂಡು ದನಿಯಷ್ಟು ಗಡುಸಾಯಿತು. ಆ ದನಿಯಲ್ಲೇ ಹಾಡಿ 2002ರಲ್ಲಿ ಪದ್ಮವಿಭೂಷಣ ಪಡೆದರು. ನಿಜ. ಆದರೆ ಅವರು ತಮ್ಮ ದನಿಗೆ ತಕ್ಕಂತೆ ತಂಬೂರಿ ಶ್ರುತಿ ಮಾಡಿಸಿಕೊಳ್ಳಬಹುದಿತ್ತು. ಗುಂಪಿನಲ್ಲಿ ಹಾಡುವವರಿಗೆ ಆ ಸ್ವಾತಂತ್ರ್ಯ ಎಲ್ಲಿದೆ? ಕೀಬೋರ್ಡಿನ ಹುಡುಗ ಎಲ್ಲಿ ಹಿಡಿದನೋ ಅಲ್ಲಿಂದಲೇ ಹಾಡಬೇಕು. ಆತ ಹಿಡಿಯುವುದು ಇಪ್ಪತ್ತರ ಹುಡುಗಿಯರಿಗೆ ಹೊಂದುವ ಶ್ರುತಿ. ನನ್ನನ್ನು ಹೆಂಗಸರ ಕೆಳದನಿಯ ಆಲ್ಟೊ ಸಾಲಿಗೆ ಕಳಿಸಿದರು, ಸ್ವಲ್ಪ ಚುರುಕ್ ಅಂತು, ಆದರೂ ಹೋದೆ. ಆದರೆ ಸಭೆಯಲ್ಲಿ ಕೂತು ಹಾಡುವ ಹೆಂಗಸರಿಗೆ ಆಲ್ಟೊ ಸಾಲೂ ಇಲ್ಲ. ಎಲ್ಲರಿಗೂ ಒಂದೇ ಧಾಟಿ, ಅದೇ ಎತ್ತರ. ಮೇಲಿನ ಸಾಲು ಬಂದಾಗ ಅವರೆಲ್ಲ ಬಾಯಿ ಮುಚ್ಚುತ್ತಾರೆ. ಬೇಕಾದರೆ ಈ ಭಾನುವಾರ ಗಮನಿಸಿ ನೋಡಿ.

ಈಗಿನ ಕೀಬೋರ್ಡುಗಳಲ್ಲಿ ಟ್ರಾನ್ಸ್‌ಪೋಸ್ ಬಟನ್ ಇದೆ. ಎರಡು ಸಲ ಒತ್ತಿದರೆ ‘ಜಿ’ಯಲ್ಲಿದ್ದ ಹಾಡು ‘ಎಫ್’ಗೆ ಇಳಿಯುತ್ತದೆ. ನುಡಿಸುವವನ ಬೆರಳು ಇದ್ದಲ್ಲೇ ಇರುತ್ತವೆ. ಖರ್ಚಿಲ್ಲ.

ನಾನು ಹೇಳಿ ಹೇಳಿ ಹೋದ ಗುರುವಾರದ ಪ್ರಾಕ್ಟೀಸಿನಲ್ಲಿ ಮೂರು ಮನೆ ಇಳಿಸಿದರು. ನನ್ನ ಹಿಂದಿನಿಂದ ಎರಡು ದನಿ ಕೇಳಿದವು. ಅವರು ಅಲ್ಲಿ ವರ್ಷಗಟ್ಟಲೆ ನಿಂತವರೇ, ಇಷ್ಟು ದಿನ ಅವರೂ ಬಾಯಿ ಆಡಿಸುತ್ತಿದ್ದರು ಅಂತ ಕಾಣುತ್ತದೆ. ಬೇಸ್ ಹಾಡುವ ಗಂಡಸರು ಮಾತ್ರ ಕೆಳಗಿನ ಸ್ವರ ಸಿಗುತ್ತಿಲ್ಲ ಅಂತ ಗೊಣಗಿದರು. ಚಹಾ ಕುಡಿಯುತ್ತಾ ಜಗಳವಾಡಿ, ಎರಡು ಮನೆಗೆ ರಾಜಿಯಾಗಿದ್ದೇವೆ.

– ನಿವೃತ್ತ ಶಿಕ್ಷಕಿ, ಹುಬ್ಬಳ್ಳಿ